ಎತ್ತರಿಸಿದ ಜೀಪಿನ ಶಾಫ್ಟ್-ಪ್ರಮಾಣ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿಗಳೆಂಬ ಅನುಬಂಧ ಚತುಷ್ಟಯವನ್ನು ಮೊದಲು ನಿರೂಪಿಸತಕ್ಕದ್ದೆಂಬ ಪೂರ್ವಾಚಾರ್ಯರ ಕಟ್ಟಳೆಯನ್ನು ಮೀರಲು ನಮಗೆ ಧೈರ್ಯವಿಲ್ಲ. ಸ್ಪ್ರಿಂಗ್ ಪಟ್ಟಿಗಳನ್ನು ಬದಲಿಸಿ ಎತ್ತರಿಸಿದ ಜೀಪಿನ ಪ್ರೊಪೆಲ್ಲರ್ ಶಾಫ್ಟು ಎಷ್ಟುದ್ದವಿರಬೇಕೆಂಬುದು ವಿಷಯ. ಸಕಲೇಶಪುರದ ಕಾಫಿತೋಟದ ಕೆಸರಿನಲ್ಲಿ ಗಾಡಿಯನ್ನು ಬಿಟ್ಟು, ಸುರಿಯುವ ಮಳೆಯಲ್ಲಿ ಜಿಗಣೆಗಳೊಡನೆ ನಡೆದು ಮನೆ ಸೇರುವ ಪ್ರಾರಬ್ಧವು ತಪ್ಪುವುದೇ ಪ್ರಯೋಜನ. ಸಂಬಂಧವೆಂದರೆ ಟ್ರಾನ್ಸ್‌ಫರ್ ಕೇಸಿಗೂ ಆಕ್ಸಲಿಗೂ ಇರುವಂಥದು, ಅದು ಕಳಚಿದೊಡನೆ ಗ್ರಂಥವೂ ಗಾಡಿಯೂ ಏಕಕಾಲದಲ್ಲಿ ನಿಲ್ಲುತ್ತವೆ. ಟೇಪು ಹಿಡಿದು ಜೀಪಿನಡಿಯಲ್ಲಿ ಅಂಗಾತ ಮಲಗಬಲ್ಲವನೇ ಅಧಿಕಾರಿ.

ಇನ್ನು ಪೂರ್ವಪಕ್ಷ. ಗಾಡಿಯು ನಾಲ್ಕಿಂಚು ಎದ್ದಿರುವಾಗ ಶಾಫ್ಟೂ ನಾಲ್ಕಿಂಚು ಬೆಳೆಯುವುದೇ ನ್ಯಾಯವೆಂದು ದೀರ್ಘವಾದಿಗಳು ಹೇಳುವರು. ಸ್ಲಿಪ್ ಜಾಯಿಂಟು ಇರುವುದೇ ನೀಳುವುದಕ್ಕಾದ್ದರಿಂದ ಹಳೆಯ ಶಾಫ್ಟಿಗೆ ಕೈಹಚ್ಚುವುದು ದುಂದುವೆಚ್ಚವೆಂದು ಹ್ರಸ್ವವಾದಿಗಳು ಹೇಳುವರು. “ಏನೂ ಆಗಲ್ಲ, ಓಡ್ಸಿ ಸಾರ್” ಎಂಬ ವರ್ಕ್‌ಶಾಪಿನ ಆಪ್ತವಾಕ್ಯವನ್ನೇ ಶಬ್ದಪ್ರಮಾಣವಾಗಿ ಅಂಗೀಕರಿಸಿದವರ ಸಂಪ್ರದಾಯವೊಂದು ಉಂಟು; ಅನುಯಾಯಿಗಳ ಸಂಖ್ಯೆ ಅದರಲ್ಲಿಯೇ ಹೆಚ್ಚು.

ಈ ಮೂವರಿಗೂ ಬೌಧಾಯನ ಶುಲ್ಬಸೂತ್ರದ ಕರ್ಣನಿಯಮವೇ ಉತ್ತರ. ಶಾಫ್ಟಿನ ಎರಡು ತುದಿಯ ಯೂನಿವರ್ಸಲ್ ಜಾಯಿಂಟುಗಳ ನಡುವಣ ಅಡ್ಡದೂರವು 800 ಮಿಲಿಮೀಟರ್, ಇಳಿತವು 100 ಎಂದಿಟ್ಟುಕೊಂಡರೆ ಕರ್ಣವು 806. ಗಾಡಿಯನ್ನು ಇನ್ನೂ 100 ಎತ್ತರಿಸಿದರೆ 825. ಅಂದರೆ ನಾಲ್ಕಿಂಚಿನ ಆಡಂಬರಕ್ಕೆ ಮುಕ್ಕಾಲು ಇಂಚಿನಷ್ಟು ಉದ್ದವೇ ತೆರಬೇಕಾದ ಕಂದಾಯ. ದೀರ್ಘವಾದಿಯ ಶಾಫ್ಟು, ಚಕ್ರವು ಬಂಡೆಯನ್ನೇರಿ ಆಕ್ಸಲು ಮೇಲೆದ್ದಾಗ, ಸರಿಯಲು ಎಡೆಯಿಲ್ಲದೆ ಟ್ರಾನ್ಸ್‌ಫರ್ ಕೇಸಿನ ಬೇರಿಂಗನ್ನು ತಿವಿಯುವುದು. ಹ್ರಸ್ವವಾದಿಯದು, ಚಕ್ರವು ಹಳ್ಳದಲ್ಲಿ ಜೋತಾಗ, ಸ್ಪ್ಲೈನಿನ ಹಲ್ಲುಗಳ ಹಿಡಿತ ತಪ್ಪಿ ಕಳಚಿಕೊಂಡು ಗಾಡಿಯ ತಳವನ್ನು ಬಡಿಯುವುದು.

ಆದರೆ ಉದ್ದಕ್ಕಿಂತ ಗಂಭೀರವಾದ ಋಣವು ಕೋನದಲ್ಲಿ ಅಡಗಿದೆಯೆಂಬುದೇ ನಮ್ಮ ಸಿದ್ಧಾಂತ. ಮೇಲಿನ ಲೆಕ್ಕದಲ್ಲಿಯೇ 7 ಡಿಗ್ರಿಯ ಓರೆಯು 14 ಆಯಿತು. 16ನೆಯ ಶತಮಾನದಲ್ಲಿ ವೈದ್ಯ, ಜ್ಯೋತಿಷಿ, ಗಣಿತಜ್ಞನಾಗಿದ್ದು ಜೂಜಿನ ಲೆಕ್ಕಾಚಾರವನ್ನೂ ಬರೆದಿಟ್ಟ ಇಟಲಿಯ ಕಾರ್ಡಾನೋವಿನ ಹೆಸರು ಈ ಯೂನಿವರ್ಸಲ್ ಜಾಯಿಂಟಿಗೆ ಅಂಟಿರುವುದು ಉಚಿತವೇ ಸರಿ, ಏಕೆಂದರೆ ಕಣ್ಣಂದಾಜಿನಲ್ಲಿ ಶಾಫ್ಟು ಕೊಯ್ಯಿಸುವುದೂ ಜೂಜೇ. ಓರೆಯಾದ ಜಾಯಿಂಟು ಒಂದೊಂದು ಸುತ್ತಿಗೂ ಎರಡು ಬಾರಿ ವೇಗವನ್ನು ಹೆಚ್ಚಿಸಿ ಎರಡು ಬಾರಿ ತಗ್ಗಿಸುತ್ತದೆ. 7 ಡಿಗ್ರಿಯಲ್ಲಿ ಸರಾಸರಿಯಿಂದ ಆಚೀಚೆ ಶೇಕಡಾ 1ಕ್ಕೂ ಕಡಮೆಯಿದ್ದ ಈ ಏರಿಳಿತವು 14ರಲ್ಲಿ ಸುಮಾರು 3 ಆಗುವುದರಿಂದ, ಕೋನವು ಇಮ್ಮಡಿಸಿದಾಗ ದೋಷವು ನಾಲ್ಮಡಿಸಿತೆಂದಾಯಿತು. ಎರಡು ತುದಿಯ ಕೋನಗಳೂ ಸಮನಾಗಿದ್ದು, ಎರಡು ಯೋಕುಗಳ ಕಿವಿಗಳೂ ಒಂದೇ ನೇರದಲ್ಲಿದ್ದರೆ ಒಂದರ ದೋಷವನ್ನು ಇನ್ನೊಂದು ಹೀರಿಕೊಳ್ಳುವುದು. ಗ್ರೀಸು ಹಾಕಲೆಂದು ಬಿಚ್ಚಿದ ಸ್ಲಿಪ್ ಜಾಯಿಂಟನ್ನು ಗುರುತಿಲ್ಲದೆ ಒಂದು ಹಲ್ಲು ತಪ್ಪಿಸಿ ತೊಡಿಸಿದವನು, ಹುಟ್ಟಿದ ನಡುಕಕ್ಕೆ ಉದ್ದವನ್ನೇ ದೂಷಿಸುತ್ತ ಲೇತಿನಂಗಡಿಗೆ ಓಡುವುದು ಲೋಕರೂಢಿ.

ಅಳೆಯುವ ವಿಧಿಯಾದರೋ ಇಂತು: ಸಮನೆಲದಲ್ಲಿ ಚಕ್ರಗಳ ಮೇಲೆಯೇ ಗಾಡಿಯ ಭಾರವಿರಬೇಕು, ಜ್ಯಾಕಿನ ಮೇಲೆ ಜೋತಿರುವ ಆಕ್ಸಲಿನ ಸಾಕ್ಷ್ಯವು ಗ್ರಾಹ್ಯವಲ್ಲ. ಫ್ಲಾಂಜಿನ ಮುಖದಿಂದ ಮುಖಕ್ಕೆ ಅಳೆದು, ಪಟ್ಟಿಗಳು ಪೂರ್ತಿ ಒತ್ತಿದಾಗಲೂ ಪೂರ್ತಿ ಜೋತಾಗಲೂ ಮತ್ತೆ ಅಳೆಯಬೇಕು. ಪಟ್ಟಿಯು ಚಪ್ಪಟೆಯಾದಂತೆಲ್ಲ ಆಕ್ಸಲು ಹಿಂದುಮುಂದಾಗಿಯೂ ಸರಿಯುವುದರಿಂದ ಕೇವಲ ತ್ರಿಕೋನವನ್ನು ನಂಬುವಂತಿಲ್ಲ. ಪೂರ್ತಿ ಒತ್ತಿದಾಗಲೂ ಒಂದಿಂಚಿನಷ್ಟು ಎಡೆ ಉಳಿದು, ಜೋತಾಗ ಹಲ್ಲುಗಳ ಹಿಡಿತವು ಧಾರಾಳವಾಗಿರುವುದೇ ಸಮ್ಯಕ್‌ಪ್ರಮಾಣ.

ಫಲಶ್ರುತಿ: ಇದನ್ನು ಓದಿ, ಅಳೆದು, ಅನಂತರ ಕೊಯ್ಯಿಸಿದವನ ಜಾಯಿಂಟುಗಳು ಚಿರಾಯುಗಳಾಗುವುವು. ಮೊದಲು ಕೊಯ್ಯಿಸಿ ಅನಂತರ ಓದಿದವನಿಗೆ ಉತ್ತರಮೀಮಾಂಸೆಯು ವೆಲ್ಡಿಂಗ್ ಅಂಗಡಿಯಲ್ಲಿ ನಡೆಯುವುದು. ಅಲ್ಲಿ ದಕ್ಷಿಣೆ ಹೆಚ್ಚು.