ಮೇಡನ್ ಮಾವ

ಹೆಬ್ಬಗೋಡಿಯಲ್ಲಿ ಬೀದಿಗೊಬ್ಬ ಮೇಡನ್ ಮಾವ ಇದ್ದೇ ಇರುತ್ತಾನೆ. ನಮ್ಮ ಬೀದಿಯವನನ್ನೇ ತೆಗೆದುಕೊಳ್ಳಿ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ನಲವತ್ತೈದರ ಆಚೀಚೆ ವಯಸ್ಸು, ನೀಲಿ ಯೂನಿಫಾರ್ಮಿನೊಳಗೆ ಕಪ್ಪು ಟೀ-ಶರ್ಟು. ಅದರ ಮೇಲೆ ಐರನ್ ಮೇಡನ್ ಬ್ಯಾಂಡಿನ ಎಡ್ಡಿ ಎಂಬ ಭೂತ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಆ ಬ್ಯಾಂಡು ನುಡಿಸಿದ ರಾತ್ರಿಗೆಂದು ಕೊಂಡದ್ದು. ಆಗ ಎಡ್ಡಿ ಬಡಕಲಾಗಿದ್ದ. ಈಗ ಮಾವನ ಹೊಟ್ಟೆಯ ಜತೆ ಅವನಿಗೂ ಕೆನ್ನೆ ಬಂದಿದೆ. ಪಕ್ಕದ ಪಿ.ಜಿ.ಗೆ ನಾಲ್ಕನೇ ಮಹಡಿ ಏಳುವಾಗ ಈ ಟೀ-ಶರ್ಟು ಗಾಳಿಗೆ ಹಾರಿ ಸಾರುವೆಯ ಗಳಕ್ಕೆ ಸಿಕ್ಕಿಕೊಂಡಿತ್ತು. ಮೇಸ್ತ್ರಿ ಅದನ್ನು ದೃಷ್ಟಿಗೊಂಬೆ ಅಂದುಕೊಂಡು ತಾರಸಿ ಬೀಳುವವರೆಗೂ ತೆಗೆಯಲಿಲ್ಲ.

ಸಂಬಳ ಬರುವುದು ಕಾರ್ಖಾನೆಯಿಂದಲಾದರೂ ಮಾವನ ನಿಜವಾದ ಕಸುಬು ಪಟ್ಟಿ ಮಾಡುವುದು. 1980ರಿಂದ 2021ರವರೆಗೆ ಮೇಡನ್‌ನವರ ಸ್ಟುಡಿಯೋ ಆಲ್ಬಮ್‌ಗಳು 17. ಮೊದಲನೇ ಸ್ಥಾನದ ಬಗ್ಗೆ ತಕರಾರೇ ಇಲ್ಲ ಅನ್ನುತ್ತಾನೆ, ಅಂದು ಅಲ್ಲಿ ಮೂರನ್ನು ಕೂರಿಸುತ್ತಾನೆ: 1982ರ ‘ದ ನಂಬರ್ ಆಫ್ ದ ಬೀಸ್ಟ್’, 1984ರ ‘ಪವರ್‌ಸ್ಲೇವ್’, 1988ರ ‘ಸೆವೆಂತ್ ಸನ್’. ಜಗಳವೇನಿದ್ದರೂ ಕೆಳಗಡೆ. ಹನ್ನೊಂದನೇ ಸ್ಥಾನದ ವಿಚಾರಣೆಯಲ್ಲಿ ಕ್ಯಾಂಟೀನಿನ ಸಾರು ಎಷ್ಟು ಸಲ ಆರಿದೆಯೋ! 2006ರ ಆಲ್ಬಮ್ಮನ್ನಂತೂ ನಾಲ್ಕರಿಂದ ಕೆಳಗಿಳಿಸುವಂತಿಲ್ಲ. ಬೆಂಗಳೂರಿಗೆ ಬಂದಾಗ ಅವರದು ಹೊಸ ಆಲ್ಬಮ್ ಅದೇ. “ಕಣ್ಣಾರೆ ಕೇಳಿದ್ದೀನಿ ಕಣೋ!”

2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಚಟ ಬಲಿಯಿತು. ಭಾನುವಾರ ಹೆಬ್ಬಗೋಡಿಯಲ್ಲಿ ಹತ್ತಿದರೆ ಆರ್.ವಿ. ರೋಡ್ ಸೇರಿ 15 ನಿಲ್ದಾಣ. ನಿಲ್ದಾಣಕ್ಕೊಂದು ಆಲ್ಬಮ್, ಕೆಳಗಿನಿಂದ ಮೇಲಕ್ಕೆ. ಎರಡು ಮಿಗುತ್ತವೆ. ಗಾಯಕ ಬ್ರೂಸ್ ಡಿಕಿನ್ಸನ್ ಬ್ಯಾಂಡು ಬಿಟ್ಟುಹೋಗಿದ್ದಾಗ ಬ್ಲೇಜ್ ಬೇಲಿ ಹಾಡಿದ 1995, 1998ರ ಎರಡನ್ನು ಕೈಬಿಟ್ಟರೆ ಲೆಕ್ಕ ಚೊಕ್ಕವಾಗುತ್ತಲ್ಲ ಮಾವ, ಎಂದ ಪಿ.ಜಿ. ಹುಡುಗ. ಮಾವನ ಮುಖ ಬಾಡಿತು. ಅವೆರಡನ್ನು ಅವನೂ ಕೊನೆಗೇ ಇಡುವವನು. ಆದರೆ ಪಂಕ್ತಿಯ ತುದಿಯಲ್ಲಿ ಕೂರಿಸುವುದು ಬೇರೆ, ಎಲೆಯನ್ನೇ ಹಾಕದಿರುವುದು ಬೇರೆ. ಅಂದಿನಿಂದ ಒಂದು ನಿಲ್ದಾಣ ಹಿಂದಕ್ಕೆ ಬೊಮ್ಮಸಂದ್ರಕ್ಕೆ ಹೋಗಿ ಹತ್ತುತ್ತಾನೆ (ಸೀಟೂ ಸಿಗುತ್ತದೆ ಅನ್ನಿ). ಮಿಕ್ಕ ಒಂದನ್ನು ಪ್ಲಾಟ್‌ಫಾರ್ಮಿನಲ್ಲೇ ಮುಗಿಸುತ್ತಾನೆ. ಮೊದಮೊದಲು 25 ನಿಮಿಷಕ್ಕೊಂದು ರೈಲು ಬರುತ್ತಿದ್ದಾಗ ಅದಕ್ಕೆ ಪುರುಸೊತ್ತು ಧಾರಾಳವಾಗಿತ್ತು.

ಹೆಂಡತಿ ಈ ತಕರಾರುಗಳಿಗೆ ತಲೆ ಹಾಕುವವಳಲ್ಲ. ಅವಳದು ಅಡುಗೆಮನೆ ಲೆಕ್ಕ. ‘ಪವರ್‌ಸ್ಲೇವ್’ನ ಕೊನೆಯ ಹಾಡು, ಕೋಲ್‌ರಿಜ್ ಕವಿತೆಯ ಮೇಲೆ ಕಟ್ಟಿದ್ದು, 13 ನಿಮಿಷ ದಾಟುತ್ತದೆ: ಮುಗಿದರೆ ಅನ್ನ ಬಸಿಯಬಹುದು. 2015ರ ‘ದ ಬುಕ್ ಆಫ್ ಸೋಲ್ಸ್’ನ ಕೊನೆಯದು 18 ನಿಮಿಷ: ಬೇಳೆಗೆ. ಮೊನ್ನೆ ಮಾವ ಈ ಆಲ್ಬಮ್ಮನ್ನು ಹದಿನಾಲ್ಕಕ್ಕೆ ತಳ್ಳಿದ್ದೇ ತಡ, ಒಳಗಿಂದ ದನಿ ಬಂತು.

“ಏನ್ರೀ, ಅದನ್ಯಾಕೆ ಕೆಳಗಾಕಿದ್ರಿ? ನಾಳೆಯಿಂದ ಹುಳಿ ಬೇಡ್ವಾ?”

ಮಾವ ಮರುಮಾತಾಡದೆ ಅದನ್ನು ಆರಕ್ಕೇರಿಸಿದ. ಆರರಲ್ಲಿದ್ದ 1986ರ ಆಲ್ಬಮ್ ಏಳಕ್ಕಿಳಿದ ಸುದ್ದಿ ಸೋಮವಾರ ಕ್ಯಾಂಟೀನಿಗೆ ಮುಟ್ಟಿತು. ಸೆಕೆಂಡ್ ಶಿಫ್ಟಿನವರು ಇನ್ನೂ ಒಪ್ಪಿಲ್ಲ.