ಸಕ್ಕರೆ ಸಂಶೋಧನಾ ವ್ರತ ವಿಧಾನ

ವಾಷಿಂಗ್ಟನ್ ಸುತ್ತಮುತ್ತ, ಅಟ್ಲಾಂಟಾದಲ್ಲಿ ಮತ್ತು ಎರಡೂ ಕ್ಯಾರೊಲಿನಾಗಳಲ್ಲಿ ನೆಲೆಸಿರುವ ಕನ್ನಡಿಗರು ಸಕ್ಕರೆ ಕಾಯಿಲೆಯ ಸಂಶೋಧನೆಗೆ ಮೈ ಒಡ್ಡುವ ಈ ವ್ರತ ಹಿಡಿಯಬಹುದು. ಕಾವೇರಿ, ನೃಪತುಂಗ, ಸಂಪಿಗೆ, ಯಾವ ಕೂಟದವರಾದರೂ ಸರಿ. ಯುಗಾದಿ ಊಟದ ಸಾಲಿನಲ್ಲಿ "ನಂದು ಬಾರ್ಡರ್ ಶುಗರ್ ಅಷ್ಟೇ" ಎನ್ನುತ್ತ ಎರಡನೇ ಹೋಳಿಗೆಗೆ ತಟ್ಟೆ ಚಾಚುವವರಿಗೆ ವಿಶೇಷ ಪ್ರಾಶಸ್ತ್ಯ. ಮಡಿ ಬೇಕಿಲ್ಲ, ಮೊಳಕೈ ಮೇಲಕ್ಕೆ ಸುಲಭವಾಗಿ ಸರಿಯುವ ತೋಳಿನ ಅಂಗಿ ಬೇಕು. ಮುಹೂರ್ತವನ್ನು ಆಸ್ಪತ್ರೆಯವರೇ ಇಡುತ್ತಾರೆ. ಅದು ಸಾಮಾನ್ಯವಾಗಿ ಬೆಳಿಗ್ಗೆ, ನೀವು ಕಾಫಿ ಕುಡಿಯುವ ಹೊತ್ತಿಗೇ ಬರುತ್ತದೆ.

ಕ್ಷೇತ್ರ ಮಹಿಮೆ

ವ್ರತಕ್ಕೆ ಸ್ಥಳ ಮುಖ್ಯ, ಮತ್ತು ನಿಮ್ಮ ಸೀಮೆ ಈ ವಿಷಯದಲ್ಲಿ ಪುಣ್ಯಭೂಮಿ. 1886ರಲ್ಲಿ ಅಟ್ಲಾಂಟಾದಲ್ಲಿ ಜಾನ್ ಪೆಂಬರ್ಟನ್ ಕೋಕಾ-ಕೋಲಾ ಕಲಸಿದ. 1893ರಲ್ಲಿ ನಾರ್ತ್ ಕ್ಯಾರೊಲಿನಾದ ನ್ಯೂ ಬರ್ನ್ ಎಂಬ ಊರಲ್ಲಿ ಕೇಲೆಬ್ ಬ್ರಾಡಮ್ ಇನ್ನೊಂದು ಪಾನಕ ಮಾಡಿ, 1898ರಲ್ಲಿ ಅದಕ್ಕೆ ಪೆಪ್ಸಿ-ಕೋಲಾ ಎಂದು ನಾಮಕರಣ ಮಾಡಿದ. ಇಬ್ಬರೂ ಔಷಧಿ ಅಂಗಡಿಯವರೇ ಎಂಬುದನ್ನು ಭಕ್ತರು ಗಮನಿಸಬೇಕು. 1937ರಲ್ಲಿ ವಿನ್‌ಸ್ಟನ್-ಸೇಲಂನಲ್ಲಿ ಕ್ರಿಸ್ಪಿ ಕ್ರೀಮ್ ಡೋನಟ್ ಅವತರಿಸಿತು. ಕೋಲಾ ದುಡ್ಡಿನಲ್ಲಿ ಬೆಳೆದ ಎಮೊರಿ ವಿಶ್ವವಿದ್ಯಾಲಯ 1947ರಲ್ಲಿ 10 ಡಾಲರ್ ಎಂಬ ನಾಮಮಾತ್ರ ಬೆಲೆಗೆ 15 ಎಕರೆ ನೆಲ ಬಿಟ್ಟುಕೊಟ್ಟಿತು. ಸಿಡಿಸಿ, ಅಂದರೆ ದೇಶದ ರೋಗಗಳ ಲೆಕ್ಕ ಇಡುವ ಕೇಂದ್ರ, ನೆಲೆ ನಿಂತದ್ದು ಆ ನೆಲದ ಮೇಲೆ. ಅದೇ ಸಿಡಿಸಿಯವರು 2011ರಲ್ಲಿ ಅಮೆರಿಕದ ನಕ್ಷೆ ಹರಡಿ, ಸಕ್ಕರೆ ಕಾಯಿಲೆ ಮಿತಿಮೀರಿದ 644 ಕೌಂಟಿಗಳಿಗೆ ಬಣ್ಣ ಹಚ್ಚಿದರು. 15 ರಾಜ್ಯಗಳಲ್ಲಿ ಹರಡಿದ ಆ ಬಣ್ಣ ಬಹುಪಾಲು ಆಗ್ನೇಯದಲ್ಲೇ ದಟ್ಟವಾಗಿತ್ತು. ಅದಕ್ಕೆ 'ಮಧುಮೇಹ ಪಟ್ಟಿ' ಎಂದು ಹೆಸರಾಯಿತು.

ಮದ್ದಿಗೂ ದೂರ ಹೋಗಬೇಕಿಲ್ಲ. ರಾಲಿ ಪಕ್ಕದ ಕ್ಲೇಟನ್‌ನಲ್ಲಿ ನೋವೋ ನಾರ್ಡಿಸ್ಕ್ ಕಂಪನಿಯ ಕಾರ್ಖಾನೆಗಳಿವೆ. ತೂಕ ಇಳಿಸುವ ಸೂಜಿಮದ್ದಿನ ಬೇಡಿಕೆ ಏರಿದಂತೆ 2024ರಲ್ಲಿ ಅಲ್ಲೇ ಇನ್ನೂ 410 ಕೋಟಿ ಡಾಲರ್ ಹೂಡುವುದಾಗಿ ಸಾರಿದರು. ಅಟ್ಲಾಂಟಾದಿಂದ ಬೆಳಗ್ಗೆ ಕಾರು ಹತ್ತಿದರೆ ರೋಗ, ಲೆಕ್ಕ, ಮದ್ದು ಮೂರರ ದರ್ಶನ ಮುಗಿಸಿ ರಾತ್ರಿಗೆ ಬೆಥೆಸ್ಡಾ ಸೇರಬಹುದು. ಅಲ್ಲಿ ಎನ್‌ಐಎಚ್‌ನ, ಅಂದರೆ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯ, ಹತ್ತನೇ ನಂಬರಿನ ಕಟ್ಟಡವಿದೆ. 1953ರಿಂದ ಅದು ಸಂಶೋಧನೆಗಾಗಿಯೇ ಇರುವ ಆಸ್ಪತ್ರೆ.

ಯಾರು ಅರ್ಹರು

"ನಾನೇನು ದಪ್ಪ ಇಲ್ಲವಲ್ಲ" ಎನ್ನುವವರು ಮೊದಲು ಕೂರಬೇಕು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಬಂತು: ಪುಣೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರದೂ 22.3. ಮೈಯೊಳಗಿನ ಕೊಬ್ಬು ಅಳೆದರೆ ಯುಡ್ಕಿನ್ನರದು 9.1 ಪ್ರತಿಶತ, ಯಾಜ್ಞಿಕರದು 21.2. ತಕ್ಕಡಿ ಇಬ್ಬರನ್ನೂ ಒಂದೇ ಎಂದಿತ್ತು. ಏಷ್ಯಾ ಮೂಲದವರು ಸೂಚಿ 25 ಮುಟ್ಟುವ ತನಕ ಕಾಯದೆ 23ಕ್ಕೇ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಅಮೆರಿಕದ ಡಯಾಬಿಟಿಸ್ ಸಂಘ ಹೇಳಿದ್ದು 2015ರಲ್ಲಿ. ಅಷ್ಟು ವರ್ಷ ನಮ್ಮ ಎಷ್ಟೋ ಮಾವಂದಿರು "ಎಲ್ಲ ನಾರ್ಮಲ್" ಎಂಬ ಚೀಟಿ ಹಿಡಿದು ಮನೆಗೆ ಬಂದು ಜಾಮೂನು ತಿಂದಿದ್ದಾರೆ.

ಅರ್ಜಿಯಲ್ಲಿ ಹುಟ್ಟಿದಾಗಿನ ತೂಕ ಕೇಳಿದರೆ ಬಹಳ ಜನ ಬಾಯಿ ಬಿಡುತ್ತಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ಹುಟ್ಟಿದವರಾದರೆ ನಿಮಗೆ ಉತ್ತರ ಇದ್ದೀತು. 1934ರಿಂದಲೇ ಅಲ್ಲಿನ ಹೆರಿಗೆ ಪುಸ್ತಕಗಳಲ್ಲಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ಪುಸ್ತಕ ಹಿಡಿದು, ನಡುವಯಸ್ಸು ಮುಟ್ಟಿದ್ದ ಆ ಶಿಶುಗಳನ್ನು ಊರೆಲ್ಲ ಹುಡುಕಿ ಸಕ್ಕರೆ ಅಳೆದರು. ಇಂಗ್ಲೆಂಡಿನಲ್ಲಿ ಸಣ್ಣಗೆ ಹುಟ್ಟಿದವರಿಗೆ ಕಾಯಿಲೆ ಹೆಚ್ಚು ಎಂದು ಕಂಡಿತ್ತು. ಮೈಸೂರು ಬೇರೆಯದೇ ಹೇಳಿತು: ಗಿಡ್ಡಗೆ, ಉದ್ದಕ್ಕೆ ಮೀರಿದ ತೂಕದಿಂದ ಹುಟ್ಟಿದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಅದು ಜಾಸ್ತಿ ಬಂದಿತ್ತು. 1998ರಲ್ಲಿ ಇದು ಅಚ್ಚಾಯಿತು. ಹೆರಿಗೆ ಕೋಣೆಯಲ್ಲಿ ಯಾವುದೋ ನರ್ಸಮ್ಮ ಬೇಸರಪಡದೆ ಅಳತೆ ಬರೆದದ್ದರಿಂದ ಇಂಥದ್ದೊಂದು ತಿಳಿಯಿತು ಎನ್ನುವುದು ನನಗಂತೂ ದೊಡ್ಡ ಪವಾಡವಾಗಿಯೇ ಕಾಣುತ್ತದೆ.

ಸಂಕಲ್ಪ

ಸಂಕಲ್ಪವೆಂದರೆ ಒಪ್ಪಿಗೆ ಪತ್ರ. ಓದಿ ಸಹಿ ಮಾಡಿ. ಮನೆ ಸಾಲದ ಕಾಗದಕ್ಕೆ ಮಾಡಿದಂತೆ ಕಣ್ಣು ಮುಚ್ಚಿ ಮಾಡಬೇಡಿ. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಕಾರಣ ಹೇಳಬೇಕಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಯಾವ ವ್ರತದ ಪುಸ್ತಕವೂ ಇಷ್ಟು ಉದಾರವಾಗಿಲ್ಲ, ನಡುವೆ ಬಿಟ್ಟರೆ ಏನೇನು ಕಾಡುತ್ತದೆ ಎಂದೇ ಎರಡು ಪುಟ ಇರುತ್ತದೆ. ಮದ್ದಿನ ಗುಂಪಿಗೋ ಹುಸಿ ಮಾತ್ರೆಯ ಗುಂಪಿಗೋ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ತೀರ್ಮಾನಿಸುತ್ತದೆ. ಒಳಗೆ ನಮ್ಮ ಕಡೆಯ ಡಾಕ್ಟರಿದ್ದಾರೆ ಎಂದು ಅವರಿಗೆ ಫೋನ್ ಮಾಡಬಾರದು.

ಉಪವಾಸ ಮತ್ತು ತೀರ್ಥ

ಹಿಂದಿನ ರಾತ್ರಿಯಿಂದ, ಕಡಿಮೆಯೆಂದರೂ ಎಂಟು ಗಂಟೆ, ನೀರು ಮಾತ್ರ. ಇದು ಏಕಾದಶಿಯಲ್ಲ, ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣು ಯಾವ ರಿಯಾಯಿತಿಯೂ ಇಲ್ಲ. ಬೆಳಗ್ಗೆ ರಕ್ತ ತೆಗೆದ ಮೇಲೆ 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕೊಡುತ್ತಾರೆ. ಐದು ನಿಮಿಷದಲ್ಲಿ ಕುಡಿದು ಮುಗಿಸಬೇಕು, ಮೂಗು ಮುರಿಯಬಾರದು. ಆಮೇಲೆ ಎರಡು ಗಂಟೆ ಸುಮ್ಮನೆ ಕೂರಬೇಕು. ನಡೆದಾಡಿದರೆ ಸ್ನಾಯುಗಳು ಸಕ್ಕರೆ ಹೀರಿ ಲೆಕ್ಕ ಕೆಡುತ್ತದೆ, ಆದ್ದರಿಂದ ಮೊಬೈಲು ಕಿವಿಗಿಟ್ಟು ವರಾಂಡದಲ್ಲಿ ಅಡ್ಡಾಡುವ ನಮ್ಮವರ ಅಭ್ಯಾಸಕ್ಕೆ ಅಂದು ರಜ. ಎರಡು ಗಂಟೆಯ ಅಂಕಿ 140ರ ಕೆಳಗಿದ್ದರೆ ಬಚಾವು, 200 ಮುಟ್ಟಿದರೆ ಕಾಯಿಲೆ. ನಡುವೆ ಬಿದ್ದರೆ ಸಂಶೋಧಕರು ನಿಮ್ಮನ್ನು ಅಳಿಯನಂತೆ ಉಪಚರಿಸುತ್ತಾರೆ.

ಇನ್ನೂ ಕಠಿಣವಾದ ಆಚರಣೆ ಬಾಲ್ಟಿಮೋರಿನಲ್ಲಿ ರೂಪುಗೊಂಡದ್ದು. ಎನ್‌ಐಎಚ್‌ನ ವಯೋವಿಜ್ಞಾನ ಕೇಂದ್ರದಲ್ಲಿದ್ದ ರೂಬಿನ್ ಆಂಡ್ರೆಸ್, ರಾಲ್ಫ್ ಡಿಫ್ರಾಂಜೊ ಮೊದಲಾದವರು 1979ರಲ್ಲಿ ಅದರ ಕ್ರಮ ಪ್ರಕಟಿಸಿದರು. ಒಂದು ಕಡೆಯಿಂದ ಇನ್ಸುಲಿನ್ ಸತತವಾಗಿ ಹರಿಸುತ್ತಾರೆ, ಜೊತೆಗೇ ಗ್ಲೂಕೋಸ್ ಬಿಡುತ್ತಾರೆ. ಬಿಸಿಯಾಗಿಟ್ಟ ಇನ್ನೊಂದು ಕೈಯಿಂದ ಐದೈದು ನಿಮಿಷಕ್ಕೆ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ. ರಕ್ತದ ಸಕ್ಕರೆ ಅಲುಗದಂತೆ ಹಿಡಿದಿಡಲು ಎಷ್ಟು ಗ್ಲೂಕೋಸ್ ಸುರಿಯಬೇಕಾಯಿತೋ ಅದೇ ನಿಮ್ಮ ಮೈ ಇನ್ಸುಲಿನ್ ಮಾತು ಕೇಳುವ ಅಳತೆ. ಕಡಿಮೆ ಸಾಕಾಯಿತೆಂದರೆ ಮೈ ಕಿವುಡಾಗಿದೆ ಎಂದರ್ಥ. ಇಂದಿಗೂ ಇದಕ್ಕಿಂತ ನಂಬಿಕೆಯ ಅಳತೆ ಇಲ್ಲ. ಮೂತ್ರಕ್ಕೆ ಮೊದಲೇ ಹೋಗಿ ಬನ್ನಿ.

ನೈವೇದ್ಯ

ಆಹಾರ ತಜ್ಞೆ ಎದುರು ಕೂತು ನಿನ್ನೆ ಏನೇನು ತಿಂದಿರಿ ಎಂದು ಕೇಳುತ್ತಾಳೆ. ದಂಪತಿಯಾಗಿ ಹೋಗಬೇಡಿ. ಹೋದರೆ ಹೀಗಾಗುತ್ತದೆ:

"ಎಷ್ಟು ಕಪ್ ಅನ್ನ?"

"ಸ್ವಲ್ಪ."

"ರೀ, ಹುಳಿಗೆ ಒಂದು ಸಲ, ಸಾರಿಗೆ ಒಂದು ಸಲ, ಮೊಸರಿಗೆ ಒಂದು ಸಲ ಹಾಕಿಸಿಕೊಂಡ್ರಲ್ಲ, ಅದನ್ನೂ ಹೇಳಿ."

"ಮೊಸರನ್ನಕ್ಕೂ ಲೆಕ್ಕ ಏನೇ? ಅದು ತಂಪಿಗೆ ತಿಂದದ್ದು."

ಪಟ್ಟಿಯಲ್ಲಿ ಮುದ್ದೆ ಸಿಗದಿದ್ದರೆ ಗಾತ್ರವನ್ನು ಕೈಯಲ್ಲಿ ತೋರಿಸಿ. ಮಂಡ್ಯದವರು ಪ್ರಾಮಾಣಿಕವಾಗಿ ತೋರಿಸಬೇಕು. ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ಮಾತಿಗೆ ಗಾತ್ರದ ಮಿತಿ ಇಲ್ಲವೆಂದು ನಮ್ಮವರು ನಂಬಿದ್ದಾರೆ. "ಒಬ್ಬಟ್ಟು ಹಬ್ಬಕ್ಕೆ ಮಾತ್ರ" ಎಂದು ಬರೆಸುವವರು ಕಾವೇರಿಯ ಹಬ್ಬ, ದೇವಸ್ಥಾನದ ಹಬ್ಬ, ಮನೆಯ ಹಬ್ಬ ಮೂರನ್ನೂ ಬೇರೆ ಬೇರೆ ಬರೆಸಿ.

ಜನ ಹೇಳುವುದನ್ನು ನಂಬಲಾಗದು ಎಂದೇ ಬೆಥೆಸ್ಡಾದಲ್ಲಿ ಕೆವಿನ್ ಹಾಲ್ ಎಂಬಾತ 20 ಜನರನ್ನು ಹತ್ತನೇ ಕಟ್ಟಡದಲ್ಲಿ 28 ದಿನ ಇಟ್ಟುಕೊಂಡು ಊಟ ಹಾಕಿದ. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ತಿನಿಸು, ಎರಡು ವಾರ ಮನೆ ಅಡುಗೆಯಂಥದ್ದು. ತಟ್ಟೆಯಲ್ಲಿ ಇಟ್ಟ ಸಕ್ಕರೆ, ಕೊಬ್ಬು, ನಾರು, ಕ್ಯಾಲೊರಿ ಎರಡರಲ್ಲೂ ಸಮ, ಬೇಕಾದಷ್ಟು ತಿನ್ನಬಹುದು. ತೂಕ ಬದಲಾದದ್ದು ಗೊತ್ತಾಗದಿರಲೆಂದು ದೊಗಳೆ ಬಟ್ಟೆ ಕೊಟ್ಟರು. ಪೊಟ್ಟಣದ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಒಳಗೆ ಹೋಯಿತು, 0.9 ಕಿಲೊ ಏರಿತು. ಇನ್ನೊಂದರಲ್ಲಿ ಅಷ್ಟೇ ಇಳಿಯಿತು. 2019ರಲ್ಲಿ ಇದು ಪ್ರಕಟವಾದಾಗ ಜಗತ್ತು ಕಿವಿ ನಿಮಿರಿಸಿತು. ಇಪ್ಪತ್ತೇ ಜನ ಎಂದು ಮೂದಲಿಸುವವರು ಒಂದು ತಿಂಗಳು ಆಸ್ಪತ್ರೆಯ ಊಟ ಮಾಡಿ ನೋಡಲಿ. ಹಾಲ್ 2025ರ ಏಪ್ರಿಲಿನಲ್ಲಿ, ತನ್ನ ಮಾತಿಗೆ ಕತ್ತರಿ ಹಾಕುತ್ತಿದ್ದಾರೆ ಎಂದು ಹೇಳಿ ಎನ್‌ಐಎಚ್ ಬಿಟ್ಟ.

ವ್ರತ ಕಥೆ

ಕಥೆ ಕೇಳುವಾಗ ಕೈಯಲ್ಲಿ ಅಕ್ಷತೆ ಹಿಡಿಯುವುದು ಉಚಿತ, ಏಕೆಂದರೆ ಕಥೆಯ ನಾಯಕ ಅಕ್ಕಿ.

ಜರ್ಮನಿಯಲ್ಲಿ ಹಿಟ್ಲರನ ಕಾಲ ಬಂದಾಗ ವಾಲ್ಟರ್ ಕೆಂಪ್ನರ್ ಎಂಬ ವೈದ್ಯ ಅಲ್ಲಿಂದ ಹೊರಟು 1934ರಲ್ಲಿ ನಾರ್ತ್ ಕ್ಯಾರೊಲಿನಾದ ಡರ್ಹಮ್ ಸೇರಿದ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ. ರಕ್ತದೊತ್ತಡ ಮಿತಿಮೀರಿ ಮೂತ್ರಪಿಂಡ ಸೋತವರಿಗೆ ಆಗ ಹೇಳಿಕೊಳ್ಳುವಂಥ ಮದ್ದಿರಲಿಲ್ಲ. ಕೆಂಪ್ನರ್ 1939ರಿಂದ ಅವರಿಗೆ ಬಿಳಿ ಅನ್ನ, ಹಣ್ಣು, ಹಣ್ಣಿನ ರಸ, ಅದರ ಮೇಲೆ ಸಕ್ಕರೆ ಕೊಡತೊಡಗಿದ. ಹೌದು, ಸಕ್ಕರೆ. 1942ರಲ್ಲಿ ಒಬ್ಬ ಹೆಂಗಸಿಗೆ ಎರಡು ವಾರ ಬಿಟ್ಟು ಬಾ ಎಂದನಂತೆ. ಅವನ ಜರ್ಮನ್ ಉಚ್ಚಾರ ಆಕೆಗೆ ಎರಡು ತಿಂಗಳು ಎಂದು ಕೇಳಿಸಿತು. ಎರಡು ತಿಂಗಳು ಬರೀ ಅನ್ನ-ಹಣ್ಣು ತಿಂದು ಬಂದವಳ ಒತ್ತಡ ಇಳಿದಿತ್ತು, ಕಣ್ಣಿನ ಊತ ಹೋಗಿತ್ತು. ಆಹಾರವನ್ನು ದೀರ್ಘಕಾಲ ಮುಂದುವರಿಸುವ ಧೈರ್ಯ ಬಂದದ್ದು ಹಾಗೆ. ಆಮೇಲೆ ಅದನ್ನು ಸಕ್ಕರೆ ಕಾಯಿಲೆಯವರಿಗೂ ಕೊಟ್ಟ. ಹಲವರ ರಕ್ತದ ಸಕ್ಕರೆ ಇಳಿಯಿತೆಂದು 1958ರಲ್ಲಿ ಬರೆದ. ದಪ್ಪಗಿದ್ದವರು ದೇಶದ ಮೂಲೆ ಮೂಲೆಯಿಂದ ಡರ್ಹಮ್‌ಗೆ ಬಂದಿಳಿದರು. 'ರೈಸ್ ಹೌಸ್' 2013ರವರೆಗೂ ನಡೆಯಿತು.

ಇಷ್ಟು ಕೇಳಿದ ಕೂಡಲೇ ಕುಕ್ಕರ್ ಇಡಲು ಎದ್ದವರು ಕೂತುಕೊಳ್ಳಿ. ಆ ಅನ್ನಕ್ಕೆ ಉಪ್ಪಿಲ್ಲ. ತುಪ್ಪವಿಲ್ಲ. ಸಾರಿಲ್ಲ, ಉಪ್ಪಿನಕಾಯಿ ಇಲ್ಲ, ಮಜ್ಜಿಗೆಯೂ ಇಲ್ಲ. ದಿನದ ಪ್ರೋಟೀನು ಸುಮಾರು 20 ಗ್ರಾಂ, ಕೊಬ್ಬು ಇಲ್ಲವೆನ್ನುವಷ್ಟು. ಮೂತ್ರ ಪರೀಕ್ಷಿಸಿ ಯಾರು ಕದ್ದು ಉಪ್ಪು ತಿಂದರೆಂದು ಹಿಡಿಯುತ್ತಿದ್ದರು. ಅಲ್ಲದೆ ಕೆಂಪ್ನರ್ ಹೋಲಿಕೆಗೆಂದು ಇನ್ನೊಂದು ಗುಂಪನ್ನು ಇಟ್ಟುಕೊಳ್ಳಲೇ ಇಲ್ಲ. ಸಾಯುವವರಿಗೆ ಮದ್ದು ತಪ್ಪಿಸಿ ಹೋಲಿಸುವುದು ಹೇಗೆ ಎಂಬುದು ಅವನ ವಾದ. ವಾದ ಮಾನವೀಯವಾದದ್ದೇ, ಆದರೆ ಅನ್ನ ಗೆದ್ದಿತೋ, ಉಪ್ಪಿಲ್ಲದ್ದು ಗೆದ್ದಿತೋ, ಇಳಿದ ತೂಕ ಗೆದ್ದಿತೋ ಎಂದು ಬಿಡಿಸಿ ಹೇಳಲು ಇಂದಿಗೂ ಆಗುವುದಿಲ್ಲ.

ಫಲ

ಹೋಲಿಕೆಯ ಗುಂಪು ಇಟ್ಟುಕೊಂಡು ಮಾಡಿದ ದೊಡ್ಡ ವ್ರತದ ಫಲ 2002ರಲ್ಲಿ ಬಂತು. ಕಾಯಿಲೆಯ ಅಂಚಿನಲ್ಲಿದ್ದ 3234 ಜನ, ದೇಶದ 27 ಕೇಂದ್ರಗಳು, ವಾಷಿಂಗ್ಟನ್ನಿನದೂ ಒಂದು. ಎಲ್ಲದರ ಲೆಕ್ಕ ಇಟ್ಟದ್ದು ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿ. ತೂಕದಲ್ಲಿ 7 ಪ್ರತಿಶತ ಇಳಿಸಿ ವಾರಕ್ಕೆ 150 ನಿಮಿಷ ನಡೆಯಿರಿ ಎಂದು ಬೆನ್ನು ಹತ್ತಿದ ಗುಂಪಿನಲ್ಲಿ ಕಾಯಿಲೆ 58 ಪ್ರತಿಶತ ಕಡಿಮೆ ಬಂತು. ಮೆಟ್‌ಫಾರ್ಮಿನ್ ಮಾತ್ರೆಯವರಲ್ಲಿ 31. ಆದರೆ ಆ 3234ರಲ್ಲಿ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರೆಲ್ಲ ಸೇರಿ ನೂರೈವತ್ತು ಜನ ಇರಲಿಲ್ಲ. ಅದರಲ್ಲಿ ಅನ್ನ-ಸಾರು ಉಣ್ಣುವ ಹೊಟ್ಟೆಗಳೆಷ್ಟೋ ಊಹಿಸಿಕೊಳ್ಳಿ.

ನಮ್ಮ ಮೈಗೂ ಇದೇ ಫಲವೇ ಎಂದು ಕೇಳಿದವರು ಎಮೊರಿಯವರು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯ ಓದಿದ ಕೆ.ಎಂ. ವೆಂಕಟ್ ನಾರಾಯಣ್ ಸಿಡಿಸಿಯಲ್ಲಿದ್ದಾಗ, 2000ದಲ್ಲಿ ಅಮೆರಿಕದಲ್ಲಿ ಹುಟ್ಟಿದ ಮೂರರಲ್ಲೊಂದು ಮಗುವಿಗೆ ಜೀವಮಾನದಲ್ಲಿ ಸಕ್ಕರೆ ಕಾಯಿಲೆ ತಪ್ಪದು ಎಂಬ ಲೆಕ್ಕ ಕೊಟ್ಟವರು. ಎಮೊರಿಗೆ ಬಂದ ಮೇಲೆ ಅವರ ತಂಡ ಚೆನ್ನೈನ ಸಂಸ್ಥೆಯೊಂದಿಗೆ ಸೇರಿ 578 ಜನರಲ್ಲಿ ಇದನ್ನು ಪರೀಕ್ಷಿಸಿತು. 2016ರ ಉತ್ತರ: ಕಾಯಿಲೆ 32 ಪ್ರತಿಶತ ಕಡಿಮೆ. ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ಮಾತ್ರ ಏರಿದ್ದವರಿಗೆ ಲಾಭ ಅಷ್ಟಕ್ಕಷ್ಟೆ. ಸೂಜಿಮದ್ದು ಇರುವಾಗ ಇದೆಲ್ಲ ಯಾಕೆ ಎನ್ನುವವರಿಗೆ: ಆ ಮದ್ದಿಗೂ ಮೊದಲು 1961 ಜನ 68 ವಾರ ಕೂತಿದ್ದಾರೆ. ಅವರಲ್ಲಿ ಮದ್ದು ಪಡೆದವರ ತೂಕ ಸರಾಸರಿ ಸುಮಾರು 15 ಪ್ರತಿಶತ ಇಳಿದದ್ದನ್ನು ನೋಡಿಯೇ 2021ರಲ್ಲಿ ಅಪ್ಪಣೆ ಸಿಕ್ಕಿದ್ದು.

ಉದ್ಯಾಪನೆ

ಉದ್ಯಾಪನೆ ನಿಮ್ಮ ಕೈಯಲ್ಲಿಲ್ಲ. 1996ರಿಂದ ಆ ದೊಡ್ಡ ವ್ರತ ಹಿಡಿದವರಲ್ಲಿ ಬಹಳಷ್ಟು ಜನ ಕಾಲು ಶತಮಾನ ದಾಟಿದರೂ ಬಿಟ್ಟಿರಲಿಲ್ಲ. ವಯಸ್ಸಾದ ಅವರ ಸಕ್ಕರೆಯ ಜೊತೆ ನೆನಪಿನ ಶಕ್ತಿಯನ್ನೂ ಅಳೆಯುತ್ತಿದ್ದರು. 2025ರ ಮಾರ್ಚಿನಲ್ಲಿ ಹಣ ನಿಂತಿತು. ಸಕ್ಕರೆಗೆ ಸಂಬಂಧವಿಲ್ಲದ ಜಗಳ ಅದು: ಹಣ ಹಾದುಬರುತ್ತಿದ್ದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ ಸರ್ಕಾರಕ್ಕೂ ಬಿದ್ದದ್ದು. ಇಂಥ ವೇಳೆ ಭಕ್ತರು ಮಾಡಬಹುದಾದದ್ದು ತಮ್ಮ ಪ್ರತಿನಿಧಿಯ ಕಚೇರಿಗೆ ಫೋನ್ ಮಾಡುವುದು, ಕೊಟ್ಟ ರಕ್ತದ ಫಲಿತಾಂಶದ ಪ್ರತಿ ಕೇಳಿ ಪಡೆಯುವುದು. ಸಂಶೋಧಕರಿಗೆ ಎಲ್ಲಕ್ಕಿಂತ ಹೆಚ್ಚು ನಷ್ಟ ತರುವುದು ಮಾತ್ರ ನಡುವೆ ಮಾಯವಾಗುವವರು. ಆದ್ದರಿಂದ ಕ್ಯಾರಿಯಿಂದ ಷಾರ್ಲಟ್‌ಗೆ ಹೋದರೂ, ಮಗನ ಮನೆಗೆಂದು ಟೆಕ್ಸಾಸ್‌ಗೆ ಹೋದರೂ, ಎಲ್ಲ ಮಾರಿ ಬೆಂಗಳೂರಿಗೇ ಹೊರಟರೂ, ಹೊಸ ವಿಳಾಸ, ಹೊಸ ಫೋನ್ ನಂಬರು ಬರೆಸಿ ಹೋಗಿ.