ಅಂಕೋಪಾಸನೆ: ಒಂದು ಗುಪ್ತ ಮತದ ಉಗಮ, ಸಿದ್ಧಾಂತ ಮತ್ತು ಆಚರಣೆ

ಮಹಾರಾಷ್ಟ್ರ, ತೆಲಂಗಾಣಗಳ ಗಡಿಗೆ ತಾಗಿದ ಔರಾದ ತಾಲೂಕಿನ ಚಿಂತಾಕಿ ಸೀಮೆಯಿಂದ ಮುಂಬಯಿಯ ವರಳಿಯವರೆಗೆ ಅನುಯಾಯಿಗಳಿದ್ದೂ ಯಾವ ಜನಗಣತಿಯ ಧರ್ಮದ ಅಂಕಣದಲ್ಲಿಯೂ ನಮೂದಾಗದ ಮತವೊಂದನ್ನು ಲೋಕವು ಮಟಕಾ ಎಂದು ಕರೆದು ಜೂಜಿನ ಸಾಲಿಗೆ ಸೇರಿಸಿದೆಯಾದರೂ, ಅದೃಶ್ಯದಲ್ಲಿ ಅಚಲ ನಂಬಿಕೆ, ನಿತ್ಯ ಕಾಣಿಕೆ, ಗೂಢಲಿಪಿ ಮತ್ತು ಗುರುಪರಂಪರೆ ಎಂಬ ನಾಲ್ಕು ಲಕ್ಷಣಗಳೂ ಅದರಲ್ಲಿ ಪರಿಪೂರ್ಣವಾಗಿರುವುದರಿಂದ ಅದನ್ನು ಮತವೆಂದೇ ಪರಿಗಣಿಸುವುದು ಶಾಸ್ತ್ರಸಮ್ಮತವಾಗಿದೆ.

ಈ ಮತದ ಆದಿಯಲ್ಲಿ ದೇವವಾಣಿಯು ನ್ಯೂಯಾರ್ಕಿನಿಂದ ಬರುತ್ತಿತ್ತು. ಅಲ್ಲಿನ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳು ಮುಂಬಯಿಗೆ ತಲುಪಿದಾಗ ಭಕ್ತರು ಅವುಗಳ ಮೇಲೆ ಹಣ ಕಟ್ಟುತ್ತಿದ್ದರು. 1961ರಲ್ಲಿ ಆ ವಾಣಿ ನಿಂತುಹೋಗಲು, ಕಛ್ ಸೀಮೆಯಿಂದ ಬಂದಿದ್ದ ಕಲ್ಯಾಣಜಿ ಭಗತ್ 1962ರಲ್ಲಿ ದೇವವಾಣಿಯನ್ನು ವರಳಿಯಲ್ಲಿಯೇ ಉತ್ಪಾದಿಸುವ ಏರ್ಪಾಡು ಮಾಡಿದನು. 1964ರಲ್ಲಿ, ದೇಶವಿಭಜನೆಯಿಂದ ನಿರಾಶ್ರಿತನಾಗಿ ಬಂದಿದ್ದ ರತನ್ ಖತ್ರಿ ಬೇರೆ ಶಾಖೆ ತೆರೆದುದರಿಂದ, ಎಲ್ಲ ಮತಗಳಿಗೂ ಒದಗುವ ಒಡಕು ಇದಕ್ಕೆ ಎರಡೇ ವರ್ಷದಲ್ಲಿ ಒದಗಿತು. ಅಂಕಿಯ ಚೀಟಿಗಳನ್ನು ಹಾಕಿ ಎತ್ತುತ್ತಿದ್ದ ಮಡಕೆಯಿಂದ ಮತಕ್ಕೆ ಹೆಸರು ಬಂದಿತು. ಮಡಕೆ ಹೋಗಿ ಇಸ್ಪೀಟು ಬಂದರೂ ಭಕ್ತಿಗೆ ಭಂಗವಾಗಲಿಲ್ಲ.

ಸಿದ್ಧಾಂತವು ಸರಳವಾದುದು. ಮೂರು ಅಂಕಿಗಳನ್ನು ಎತ್ತಿ ಕೂಡಿ ಮೊತ್ತದ ಕೊನೆಯ ಅಂಕಿಯನ್ನು ಹಿಡಿದರೆ ಅದು ‘ಓಪನ್’. 2, 5, 8 ಬಂದರೆ ಮೊತ್ತ 15, ಆದ್ದರಿಂದ ಓಪನ್ 5. ಮತ್ತೆ ಮೂರನ್ನು ಎತ್ತಿದರೆ ‘ಕ್ಲೋಸ್’. ಎರಡೂ ಸೇರಿದರೆ ‘ಜೋಡಿ’. ಈ ಜೋಡಿಯ ಪೂರ್ವಸೂಚನೆಯನ್ನು ಕೆಲವರು ಕನಸಿನಲ್ಲಿ, ಕೆಲವರು ಎದುರಿಗೆ ಬಂದ ವಾಹನದ ನಂಬರಿನಲ್ಲಿ, ಪಂಡಿತರು ಹಳೆಯ ಫಲಿತಾಂಶಗಳ ಚಾರ್ಟಿನಲ್ಲಿ ಕಾಣುತ್ತಾರೆ. ಐದಕ್ಕೆ ಬದಲಾಗಿ ಆರು ಬಂದಲ್ಲಿ ಕನಸು ಸುಳ್ಳೆನಿಸುವುದಿಲ್ಲ, ಅರ್ಥೈಸುವಲ್ಲಿ ಒಂದೇ ಅಂಕಿ ತಪ್ಪಿತೆಂದು ನಂಬಿಕೆ ಇಮ್ಮಡಿಯಾಗುತ್ತದೆ.

ಗೋಪ್ಯತೆಯು ಈ ಮತದ ಪ್ರಾಣ. ಚೀಟಿಯ ಮೇಲೆ ಅಂಕಿ ಮತ್ತು ಹಣ ಇರುತ್ತವೆಯೇ ಹೊರತು ಊರಾಗಲಿ ಕುಲವಾಗಲಿ ಇರುವುದಿಲ್ಲ. ಚೀಟಿ ಬರೆಯುವವನು ಬುಕ್ಕಿಗೆ ಒಪ್ಪಿಸುತ್ತಾನೆ, ಬುಕ್ಕಿಯ ಮೇಲಿನವನನ್ನು ಭಕ್ತನು ಕಂಡಿರುವುದಿಲ್ಲ, ಕಾಣದುದರಿಂದಲೇ ನಂಬುತ್ತಾನೆ. ಸರ್ಕಾರದಿಂದ ಈ ಮತಕ್ಕೆ ದೊರೆತ ಏಕೈಕ ಮಾನ್ಯತೆಯು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 78(3)ನೆಯ ಕಲಮು.

ಔರಾದ ಇರುವ ಜಿಲ್ಲೆಯದೇ ಆದ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹ ಎರಡನ್ನೂ ಬೋಧಿಸಿದ್ದರು. ಭಗತನ ಹೆಸರಿನ ‘ಕಲ್ಯಾಣ ಮಟಕಾ’ದ ಅನುಯಾಯಿಗಳು ಕಾಯಕವನ್ನು ಕೈಬಿಟ್ಟು ದಾಸೋಹವೊಂದನ್ನೇ ಉಳಿಸಿಕೊಂಡಿದ್ದಾರೆ, ಅದೂ ಬುಕ್ಕಿಗೆ ಸಲ್ಲುತ್ತದೆ.

ಇನ್ನು ಮೋಕ್ಷದ ವಿಚಾರ. ಜೋಡಿಗಳು 00ರಿಂದ 99ರವರೆಗೆ ನೂರು. ಜೋಡಿ ಕೂಡಿದವನಿಗೆ ಒಂದು ರೂಪಾಯಿಗೆ 90, ಕೆಲವೆಡೆ 80 ಸಿಗುತ್ತದೆ. ಆದುದರಿಂದ ಸೋಲೇ ಬಾರದಂತೆ ನೂರು ಜೋಡಿಗೂ ಒಂದೊಂದು ರೂಪಾಯಿ ಕಟ್ಟಿದ ಪರಮಭಕ್ತನು ಗೆದ್ದೇ ಗೆಲ್ಲುತ್ತಾನೆ, ಗೆದ್ದು ಹತ್ತೋ ಇಪ್ಪತ್ತೋ ರೂಪಾಯಿ ಕಳೆದುಕೊಳ್ಳುತ್ತಾನೆ. ತೊಗರಿ, ಸೋಯಾ ಮಾರಿದ ಹಣವನ್ನು ಹಿಡಿದು ಬರುವ ರೈತನಿಗೆ ಈ ಮತವು ಮೋಕ್ಷವನ್ನು ಕೊಡಲಾರದು. ಅದು ಮೊದಲಿನಿಂದಲೂ ಚೀಟಿ ಬರೆಸದವನಿಗೆ ಮಾತ್ರ ಮೀಸಲಾಗಿದೆ.